ಕೈಗಡ

ಬೆಟಗೇರಿಯ ಶಾಲೆ. ಎರಡನೇ ಇಯತ್ತೆ.
ಗೋಡೆಯಾಚೆ ಮಗ್ಗ.
ಲಾಳಿ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ
ಹಲಗೆಯ ಮೇಲೆ ಬರೆದೆ: ನಲವತ್ತೆರಡು,
ಕೆಳಗೆ ಹದಿನೇಳು, ಎಡಕ್ಕೊಂದು ಗೀಟು.

"ಎರಡರಾಗ ಏಳು ಹೋಗೂದಿಲ್ಲ.
ಬಾಜೂ ಮನೀಗೆ ಹೋಗಿ
ಒಂದು ಹತ್ತು ಕೈಗಡ ತರೋಣು."

ಹನ್ನೊಂದು ವರ್ಷದಿಂದ ಇದೇ ಮಾತು.
ನನ್ನ ಟೀಚರು ನನಗೆ ಹೇಳಿದ್ದು,
ಅವರಿಗೆ ಅವರ ಮಾಸ್ತರು.
ಸವೆದ ಮೆಟ್ಟಿಲಿನ ಹಾಗೆ ನುಣುಪು,
ಯಾರೂ ಎಡವಿರಲಿಲ್ಲ.

ಎಡವಿದವನು ಫಕ್ಕೀರೇಶ.
"ಟೀಚರ್, ಆ ಹತ್ತು ಹೊಳ್ಳಿ ಯಾವಾಗ ಕೊಡೂದ್ರಿ?"

ಹುಡುಗರು ನಕ್ಕರು. ನಾನೂ.
ನಗು ನಿಂತ ಮೇಲೆ ಲಾಳಿಯ ಸದ್ದೊಂದೇ.
ಹೌದಲ್ಲ, ಯಾವಾಗ?
ಇಷ್ಟು ವರ್ಷ, ಇಷ್ಟು ಪಾಟಿಗಳ ಮೇಲೆ
ತಂದದ್ದೇ ತಂದದ್ದು;
ಒಂದು ಹತ್ತನ್ನಾದರೂ
ತಿರುಗಿ ಮುಟ್ಟಿಸಿದ ನೆನಪಿಲ್ಲ.

ಅವನ ಪಾಟಿ ನೋಡಿದೆ. ಮೂವತ್ತೈದು.
ಏಳರಲ್ಲಿ ಎರಡು ಕಳೆದಿದ್ದ, ನಾಲ್ಕರಲ್ಲಿ ಒಂದು.
ಕೆಳಗಿದ್ದರೇನು, ಏಳು ದೊಡ್ಡದೇ ಅಲ್ಲವೇ?
ಜೂನಿನಿಂದ ಅವನು ಹೀಗೇ ಮಾಡಿದ್ದ,
ಜೂನಿನಿಂದ ನಾನು ತಪ್ಪು ಹಾಕಿದ್ದೆ.
ಯಾರ ಬಾಗಿಲಿಗೂ ಹೋಗದೆ
ಇದ್ದುದರಲ್ಲೇ ತೂಗಿಸಿದ ಲೆಕ್ಕ.

ಮರುದಿನ ಹಳೆಯ ಕಸಬರಿಗೆ ಬಿಚ್ಚಿ
ಕಡ್ಡಿ ಮುರಿದು ತಂದೆ.
ತುಳಜಾ ಅವಳಪ್ಪನ ಮಗ್ಗದಿಂದ
ಸೆರಗಿಗೆ ಹೋಗಿ ಉಳಿದ ಕೆಂಪು ನೂಲು ತಂದಳು.
ಹತ್ತಾದರೆ ಒಂದು ಕಟ್ಟು.
ಕೊಟ್ರವ್ವ ನಾಲ್ಕು ಸಲ ಎಣಿಸಿದಳು,
ನಾಲ್ಕು ಸಲವೂ ಹನ್ನೊಂದು;
ಹಿಡಿದುಕೊಂಡ ಬೆರಳನ್ನೂ ಸೇರಿಸುತ್ತಿದ್ದಳು.
ರಿಜ್ವಾನ ಹಲ್ಲಿನಿಂದ ಗಂಟು ಬಿಗಿದ.
"ಹಂಗಲ್ಲೋ," ತುಳಜಾ ಅಂದಳು,
"ಒಂದು ತುದಿ ಜಗ್ಗಿದ್ರ ಬಿಚ್ಚಬೇಕು,
ಹಂಗ ಹಾಕಬೇಕು."

ನೆಲದ ಮೇಲೆ ನಾಲ್ಕು ಕಟ್ಟು, ಎರಡು ಬಿಡಿ.
ಸೆರಗೊಡ್ಡಿ ಕೂತೆ: "ಹದಿನೇಳು ಕೊಡಪಾ ನನಗ."
ಫಕ್ಕೀರೇಶ ಒಂದು ಕಟ್ಟು ಹಾಕಿದ,
ಇದ್ದ ಎರಡು ಬಿಡಿಯನ್ನೂ ಹಾಕಿದ.
ಇನ್ನೂ ಐದು.

ಬಾಜೂ ನೋಡಿದ. ಅಲ್ಲಿ ಯಾವ ಮನೆಯೂ ಇರಲಿಲ್ಲ.
ಮೂರು ಕಟ್ಟು, ಅವೂ ಅವನವೇ.
ಬಹಳ ಹೊತ್ತು.
ತುಳಜಾ ಬಾಯಿ ತೆರೆದಳು, ಕಣ್ಣಲ್ಲೇ ತಡೆದೆ.
ನನ್ನ ಬಾಯಿ ತಡೆಯುವುದು
ಅದಕ್ಕಿಂತ ಕಷ್ಟವಿತ್ತು.

ನೂಲಿನ ತುದಿ ಜಗ್ಗಿದ.
ಕಡ್ಡಿ ಚೆಲ್ಲಾಡಿದವು.
ಐದು ಎಣಿಸಿ ನನ್ನ ಉಡಿಗೆ ಹಾಕಿದ.
ಉಳಿದದ್ದು ಎರಡು ಕಟ್ಟು, ಮೂರು ಬಿಡಿ.
ತಲೆ ಕೆರೆದ.
"ಹತ್ತರಾಗ ಐದು ಕೊಟ್ರ ಮೂರು ಹೆಂಗ ಉಳೀತಾವು?"
ಕಪಾಟಿನ ಕೆಳಗೆ ಕೈ ತೂರಿಸಿ
ಧೂಳಿನ ಸಮೇತ ಎರಡು ತೆಗೆದ.
ಇಪ್ಪತ್ತೈದು.

"ಇದು ಕೈಗಡ ಅಲ್ರೀ ಟೀಚರ್," ಅಂದ,
ಕೈ ಚಡ್ಡಿಗೆ ಒರೆಸಿಕೊಳ್ಳುತ್ತ.
"ನೋಟು ಮುರಿಸಿದಂಗ.
ಕಾಯಿಪಲ್ಲೆ ತರಾಕ ನಮ್ಮವ್ವ
ನೂರರ ನೋಟು ಮುರಿಸ್ತಾಳಲ್ರಿ, ಹಂಗ.
ರೊಕ್ಕ ಅಕೀದ.
ಯಾರಿಗೂ ಹೊಳ್ಳಿ ಕೊಡೂದಿಲ್ಲ."

ಹಲಗೆಯ ಕಡೆ ತಿರುಗಿದೆ,
ಒರೆಸಲಿಕ್ಕೆ ಏನೂ ಇರಲಿಲ್ಲ, ಆದರೂ ಒರೆಸಿದೆ.

ಗಂಟೆ ಹೊಡೆಯಿತು. ಎಲ್ಲರೂ ಊಟಕ್ಕೆ ಓಡಿದರು.
ಅವನೊಬ್ಬ ಬಾಗಿಲಲ್ಲಿ ನಿಂತು
ಬಿಚ್ಚಿದ ಕೆಂಪು ನೂಲು ಎತ್ತಿ ತೋರಿಸಿದ:
"ಇದನ್ನ ಯಾವ ಮನ್ಯಾಗ ಬರೀಲ್ರಿ?"

ಬಿಡಿಯ ಮನೆಯಲ್ಲಿ ಅಲ್ಲ. ಹತ್ತರ ಮನೆಯಲ್ಲೂ ಅಲ್ಲ.
"ನಾಳೆ ಹೇಳ್ತೀನಿ, ಹೋಗು."
ಹೆಬ್ಬೆರಳಿಗೆ ಸುತ್ತಿಕೊಂಡು ಹೋದ,
ಬೆರಳ ತುದಿ ಕೆಂಪಾಗುವಷ್ಟು ಬಿಗಿಯಾಗಿ.

ನಾಳೆ ನಲವತ್ತರಲ್ಲಿ ಹದಿನೇಳು.
ಬಿಡಿ ಒಂದೂ ಇರುವುದಿಲ್ಲ.